ಗಾಡಿ ಟೆಂಟಿನ ಒಂದೆಳೆತದ ಗಂಟು

ಅಂಗಿ ಚೆನ್ನಾಗಿಯೇ ಇತ್ತು. ಆ ವಿಷಯದಲ್ಲಿ ಬೋರಮ್ಮನಿಗೆ ಎರಡು ಮಾತಿರಲಿಲ್ಲ. ಹಣ್ಣಾದ ಹುಣಸೆಯ ಬಣ್ಣದ ಟೀ ಶರ್ಟು. ಎದೆಯ ಮೇಲೆ ದೊಡ್ಡದೊಂದು ಬಿಳಿ ಪರದೆ, ಪರದೆಯ ಮುಂದೆ ಸಾಲಾಗಿ ನಿಂತ ಎತ್ತಿನ ಗಾಡಿಗಳು, ಗಾಡಿ ತುಂಬ ಪುಟ್ಟ ಪುಟ್ಟ ತಲೆಗಳು, ಪಕ್ಕದಲ್ಲಿ ಮರದ ಬುಡಕ್ಕೆ ಕಟ್ಟಿದ ಎತ್ತುಗಳು. ಮೇಲೆ ಹಳೇ ಸಿನಿಮಾ ಪೋಸ್ಟರಿನಂಥ ದಪ್ಪ ಅಕ್ಷರದಲ್ಲಿ ‘ನಂದಿ ಟೂರಿಂಗ್ ಟಾಕೀಸ್, ಸಾತನೂರು ರಸ್ತೆ: ನಮ್ಮೂರ ಡ್ರೈವ್-ಇನ್’ ಎಂದಿತ್ತು. ಕೆಳಗೆ ಸಣ್ಣದಾಗಿ ‘ಹನ್ನೊಂದು ವರ್ಷ, ಬೋರಣ್ಣನ ಕೈ ಒಂದು ದಿನವೂ ತಪ್ಪಲಿಲ್ಲ’ ಎಂದಿತ್ತು.

ಎಲ್ಲಾ ಕೆಟ್ಟಿದ್ದು ಆ ಕೆಳಗಿನ ಸಾಲಿನಿಂದ. ಬೋರಣ್ಣ ಎಂದರೆ ಬೇರೆ ಯಾರೂ ಅಲ್ಲ, ಬೋರಮ್ಮನ ಗಂಡ ಬೋರಲಿಂಗಯ್ಯ. ಅಕ್ಷರದ ಸಹವಾಸ ಅವನಿಗೆ ಅಷ್ಟಕ್ಕಷ್ಟೆ. ಮೊಮ್ಮಗಳು ಧನುಶ್ರೀ ಗುರುವಾರ ಮಧ್ಯಾಹ್ನ ಚನ್ನಪಟ್ಟಣದಿಂದ ಕೂಟಗಲ್ಲಿಗೆ ಬಂದವಳೇ, ತಾತನ ಮುಂದೆ ಅಂಗಿ ಹರಡಿ, ಬೆರಳಿಟ್ಟು ಓದಿ ಹೇಳಿದಳು. ಅವನು ಪರದೆ ನೋಡಿ ನಕ್ಕ, ಗಾಡಿ ನೋಡಿ ನಕ್ಕ, ಎತ್ತುಗಳನ್ನು ಒಂದೊಂದಾಗಿ ಎಣಿಸಿ ತಲೆದೂಗಿದ. ಕೊನೆಯ ಸಾಲು ಕೇಳಿದ್ದೇ ಮುಖ ಬಿಗಿದುಕೊಂಡ. ಅಂಗಿಯನ್ನು ನಾಲ್ಕು ಮಡಿಕೆ ಮಡಿಚಿ ಅವಳ ಕೈಗೇ ವಾಪಸು ಕೊಟ್ಟ.

“ಇದು ಸುಳ್ಳು ಕಣವ್ವ. ಒಂದು ದಿನ ತಪ್ಪಿತ್ತು. ಸುಳ್ಳು ಬರೆದಿರೋ ಬಟ್ಟೆ ನಾನು ಮೈಮೇಲೆ ಹಾಕಲ್ಲ” ಎಂದ.

ಧನುಶ್ರೀ ತನ್ನ ಗೆಳತಿ ನೂರೀನಳ ಜೊತೆ ಸೇರಿ ಚನ್ನಪಟ್ಟಣದಲ್ಲಿ ಟೀ ಶರ್ಟು ಅಚ್ಚು ಹಾಕುವ ಅಂಗಡಿ ಇಡುತ್ತಿದ್ದಳು. ನಮ್ಮ ಸೀಮೆಯಲ್ಲಿ ಇದ್ದು ಈಗ ಇಲ್ಲವಾದದ್ದನ್ನೆಲ್ಲ ಬಟ್ಟೆಯ ಮೇಲೆ ತರಬೇಕು ಎಂಬುದು ಅವರ ಹಟ. ಭಾನುವಾರ ಅಂಗಡಿ ಪೂಜೆ. ಮೊದಲ ಅಂಗಿಯನ್ನು ತಾತನೇ ತೊಟ್ಟು ಬಾಗಿಲಲ್ಲಿ ನಿಲ್ಲಬೇಕು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇನ್ನೂರು ಅಂಗಿ ಆಗಲೇ ಅಚ್ಚಾಗಿ, ಒಣಗಿ, ಮಡಿಕೆಯಾಗಿ ಕೂತಿದ್ದವು.

ಹುಡುಗಿ ನಗುತ್ತಲೇ ಸಮಾಧಾನ ಹೇಳಿದಳು. ಆ ಕಥೆ ತನಗೂ ಗೊತ್ತು, ತಾತ ಬೇಕೆಂದೇ ಎತ್ತು ಬದಲಾಯಿಸಿ, ಅದನ್ನು ವಾಪಸು ಕೊಡುವ ನೆಪದಲ್ಲಿ ಹೋಗಿ ಅಜ್ಜಿಯನ್ನು ಗಿಟ್ಟಿಸಿಕೊಂಡು ಬಂದ ಕಥೆ ತಾನೆ, ಅದು ತಪ್ಪಲ್ಲ, ಐಡಿಯಾ ಎಂದಳು. ಬೋರಲಿಂಗಯ್ಯನಿಗೆ ಕೋಪ ಬರುವುದು ವರ್ಷಕ್ಕೊಂದು ಸಲ. ಆ ವರ್ಷದ್ದು ಆಗ ಬಂತು. ನಂಬಿ ಒಪ್ಪಿಸಿದ ಮೂಕ ಪ್ರಾಣಿಯನ್ನು ಸ್ವಂತ ಲಾಭಕ್ಕೆ ಮುಟ್ಟುವ ಪೈಕಿಯವನಲ್ಲ ತಾನು, ತಪ್ಪು ತಪ್ಪೇ, ಇನ್ನೂರು ಅಂಗಿಯನ್ನೂ ಸುಟ್ಟರೂ ಸರಿ, ಆ ಸಾಲು ಮಾತ್ರ ಹೊರಗೆ ಹೋಗಕೂಡದು ಎಂದು ಜಗಲಿಗೆ ಹೋಗಿ ಬೆನ್ನು ತಿರುಗಿಸಿ ಕೂತ. ಧನುಶ್ರೀ ಫೋನು ಹಿಡಿದು ಹಿತ್ತಲಿಗೆ ಹೋದಳು. ನೂರೀನಳ ಜೊತೆ ಮಾತಾಡುತ್ತ ಆಡುತ್ತ ಅವಳ ದನಿ ಒಡೆಯುತ್ತಿದ್ದುದು ಒಳಗಿದ್ದ ಬೋರಮ್ಮನಿಗೆ ಚೆನ್ನಾಗಿ ಕೇಳಿಸಿತು.

ಬೋರಮ್ಮ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಕೈ ತನ್ನ ಪಾಡಿಗೆ ಹಾಕುತ್ತಿತ್ತು, ಹಾಕಿದ ತಟ್ಟೆಗೇ ಮತ್ತೆ ಹಾಕುತ್ತಿತ್ತು. ಯಾಕೆಂದರೆ ಆ ಸಾಲಿನಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ. ಅದು ಭೂಮಿಯ ಮೇಲೆ ಗೊತ್ತಿದ್ದುದು ಅವಳೊಬ್ಬಳಿಗೆ.

ಗಾಡಿ ಟೆಂಟು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಸಾತನೂರು ರಸ್ತೆ ಪಕ್ಕದ ಇಳಿಜಾರಿನಲ್ಲಿ ತಿಮ್ಮಯ್ಯ ಎಂಬಾತ ಡೇರೆ ಹೊಡೆದು ಸಿನಿಮಾ ತೋರಿಸುತ್ತಿದ್ದ. ಸುತ್ತಮುತ್ತಲ ಹಳ್ಳಿಯವರೆಲ್ಲ ಗಾಡಿ ಕಟ್ಟಿಕೊಂಡು ಬರುವವರು. ಗಾಡಿ ಹೊರಗೆ ಬಿಟ್ಟು ಡೇರೆಯೊಳಗೆ ಕೂತರೆ ಅರ್ಧ ಜೀವ ಗಾಡಿಯ ಮೇಲೇ. ತಿಮ್ಮಯ್ಯ ಬುದ್ಧಿವಂತ. ಡೇರೆಯ ಹಿಂಬದಿಯ ಬಟ್ಟೆಯನ್ನೇ ಎತ್ತಿ ಕಟ್ಟಿಸಿದ, ಇಳಿಜಾರಿನಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ, ಬೇವಿನಮರಕ್ಕೆ ಇನ್ನೊಂದು ಸ್ಪೀಕರು ಬಿಗಿದ. ಗಾಡಿಗೊಂದೇ ಟಿಕೆಟ್ಟು, ಎಷ್ಟು ಜನ ಬೇಕಾದರೂ ಕೂರಿ ಎಂದ. ನಮ್ಮ ಜನಕ್ಕೆ ಇಷ್ಟು ಹೇಳಿದರೆ ಸಾಕಲ್ಲ. ಒಂದೊಂದು ಗಾಡಿಯಲ್ಲಿ ಹದಿನೈದು ಹದಿನಾರು ತಲೆ. ಬಾಣಂತನಕ್ಕೆ ಬಂದ ಮಗಳು, ನಡೆಯಲಾರದ ಮುದುಕಿ, ಅತ್ತೆ ಮನೆಯಿಂದ ಮುನಿಸಿಕೊಂಡು ಬಂದವಳು, ಅವಳನ್ನು ಕರೆಯಲು ಬಂದ ಅಳಿಯ, ಎಲ್ಲರೂ ಒಂದೇ ಗಾಡಿಯಲ್ಲಿ. ಜೊತೆಗೆ ಹುರಿಗಾಳಿನ ಗಂಟು, ಮಜ್ಜಿಗೆಯ ಚೊಂಬು. ಹೀರೋ ಅಳುವಾಗ ಇವರು ಕಡಲೆ ಸಿಪ್ಪೆ ಬಿಡಿಸುತ್ತಿದ್ದರು.

ಮೂವತ್ತು ನಲವತ್ತು ಗಾಡಿ ಬಂದರೆ ಅರವತ್ತು ಎಂಬತ್ತು ಎತ್ತು ಬಂದಂತಾಯಿತು. ಅಷ್ಟನ್ನೂ ಬಿಚ್ಚಿ, ಪಕ್ಕದ ಹುಣಸೆತೋಪಿನಲ್ಲಿ ಕಟ್ಟಿ, ಸಿನಿಮಾ ಬಿಟ್ಟಾಗ ಕತ್ತಲೆಯಲ್ಲಿ ಆಯಾ ಎತ್ತನ್ನು ಆಯಾ ಗಾಡಿಗೆ ಹೂಡಿಕೊಡುವುದು ಬೋರಲಿಂಗಯ್ಯನ ಕೆಲಸ. ಹದಿನಾರನೇ ವಯಸ್ಸಿಗೆ ಕೂಟಗಲ್ ಕಡೆಯಿಂದ ಬಂದು ಸೇರಿಕೊಂಡವನು. ನಂಬರು ಬರೆಯಲು ಬಾರದು. ಅದಕ್ಕೆ ದರ್ಜಿ ಅಂಗಡಿಯಿಂದ ಚಿಂದಿ ಬಟ್ಟೆ ತರಿಸಿಕೊಂಡಿದ್ದ. ಒಂದೇ ಬಟ್ಟೆಯ ಮೂರು ತುಂಡು ಹರಿದು ಒಂದನ್ನು ಗಾಡಿಯ ನೊಗಕ್ಕೆ, ಉಳಿದೆರಡನ್ನು ಎರಡು ಎತ್ತಿನ ಕೊಂಬಿಗೆ ಕಟ್ಟುತ್ತಿದ್ದ. ಅವನು ಹಾಕುತ್ತಿದ್ದ ಗಂಟು ಅವನದೇ. ಎತ್ತು ಎಷ್ಟು ತಲೆ ಕೊಡವಿದರೂ ಸಡಿಲವಾಗದು, ತುದಿ ಹಿಡಿದು ಒಂದೆಳೆತ ಎಳೆದರೆ ಮಾತ್ರ ಬಿಚ್ಚಿಕೊಳ್ಳುವುದು. ತಿಮ್ಮಯ್ಯನೂ ಕಲಿಯಲು ನೋಡಿ ಸೋತಿದ್ದ.

ಬೋರಮ್ಮ ಸಾತನೂರಿನ ಹತ್ತಿರದ ಹಳ್ಳಿಯವಳು. ಹದಿನೇಳು ವರ್ಷದವಳಿದ್ದಾಗ ತಾತನ ಗಾಡಿಯಲ್ಲಿ ಗಾಡಿ ಟೆಂಟಿಗೆ ಬರತೊಡಗಿದಳು. ಒಟ್ಟು ಆರು ಸಿನಿಮಾ ನೋಡಿದಳು ಎಂದು ಮನೆಯವರ ಲೆಕ್ಕ. ಅವಳನ್ನು ಕೇಳಿದರೆ ಒಂದರ ಕಥೆಯೂ ನೆಟ್ಟಗೆ ಹೇಳಲಾರಳು. ಪರದೆಯ ಕಡೆ ನೋಡಿದ್ದರೆ ತಾನೆ? ಅವಳು ನೋಡುತ್ತಿದ್ದುದು ಹುಣಸೆತೋಪಿನಲ್ಲಿ ಲಾಟೀನು ಹಿಡಿದು ಎತ್ತುಗಳ ನಡುವೆ ಓಡಾಡುವ, ಒಂದೊಂದರ ಕೊರಳಿನ ಗಂಗೆದೊಗಲು ಸವರಿ ಒಸಿ ಮಾತಾಡಿಸಿ ಮುಂದೆ ಹೋಗುವ ಆ ಹುಡುಗನನ್ನು. ಹುಡುಗನಾದರೋ ಎತ್ತುಗಳನ್ನು ಬಿಟ್ಟು ಇನ್ನೇನನ್ನೂ ನೋಡಿದವನಲ್ಲ. ಗಾಡಿಯಲ್ಲಿ ಯಾರು ಬಂದರು, ಯಾರು ಹೋದರು, ಯಾರು ಹೂ ಮುಡಿದು ಬಂದರು, ಅವನಿಗೆ ಒಂದೂ ಬೇಡ. ಇವನು ತಮ್ಮ ಮನೆ ಕಡೆ ತಿರುಗಿ ನೋಡಬೇಕಾದರೆ ಎತ್ತಿನ ಮೂಲಕವೇ ನೋಡಬೇಕು ಎಂಬುದು ಆರನೇ ಸಿನಿಮಾದ ಹೊತ್ತಿಗೆ ಬೋರಮ್ಮನಿಗೆ ಖಾತ್ರಿಯಾಯಿತು.

ಅವತ್ತು ಪಕ್ಕದಲ್ಲಿ ಚನ್ನಪಟ್ಟಣದಾಚೆಯ ಮದುವೆ ದಿಬ್ಬಣದ ಗಾಡಿ ನಿಂತಿತ್ತು. ಎತ್ತು ಅವರದ್ದಲ್ಲ, ಬೀಗರಿಂದ ಎರವಲು ತಂದದ್ದು. ಇವಳ ತಾತನಿಗೆ ಕಣ್ಣಿನ ಪೊರೆ, ಸಂಜೆಯಾದರೆ ತನ್ನ ಕೈ ತನಗೇ ಮಸುಕು. ಎರಡು ಗಾಡಿಯ ಎತ್ತೂ ಹಳ್ಳಿಕಾರ್ ತಳಿ, ಒಂದೇ ಎತ್ತರ, ಒಂದೇ ಬಣ್ಣ. ಇಂಟರ್ವಲ್ಲಿನಲ್ಲಿ ಹೊರಕ್ಕೆ ಹೋಗಿ ಬರುತ್ತೇನೆಂದು ಇಳಿದ ಬೋರಮ್ಮ, ಅವನ ಲಾಟೀನು ತೋಪಿನ ಆ ತುದಿಯಲ್ಲಿದ್ದಾಗ ಈ ತುದಿಯಿಂದ ನುಗ್ಗಿದಳು. ತಮ್ಮ ಎತ್ತು ಚೆಲುವನ ಕೊಂಬಿನಿಂದ ಕೆಂಪು ಹೂವಿನ ತುಂಡು ಎಳೆದಳು, ಪಕ್ಕದ ಎತ್ತಿನಿಂದ ನೀಲಿ ಗೆರೆಯದನ್ನು ಎಳೆದಳು, ಇದಕ್ಕದು ಅದಕ್ಕಿದು ಕಟ್ಟಿದಳು. ಗಂಟು ಥೇಟ್ ಅವನದೇ. ಆರು ಸಿನಿಮಾದ ಉದ್ದಕ್ಕೂ ಅವಳು ಕಲಿತದ್ದು ಅದೊಂದನ್ನೇ. ಗಾಡಿಗೆ ವಾಪಸು ಓಡುತ್ತ, ಕೆಂಗಲ್ ಹನುಮಂತರಾಯ, ಅವನು ನಮ್ಮನೆ ಬಾಗಿಲಿಗೆ ಬಂದರೆ ನಿನಗೆ ಹಣ್ಣುಕಾಯಿ ಮಾಡಿಸುತ್ತೇನೆ ಎಂದು ಹರಕೆಯನ್ನೂ ಹೊತ್ತಳು.

ಹನುಮಂತರಾಯ ತಡ ಮಾಡಲಿಲ್ಲ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗುರುತಿಲ್ಲದ ಎತ್ತು ಕಂಡು ಇವಳ ಅಪ್ಪ ಕೂಗಾಡುತ್ತಿರುವಾಗ ಅತ್ತ ದಿಬ್ಬಣದವರು ಟೆಂಟಿಗೆ ಆಳು ಓಡಿಸಿದ್ದರು. ಬೋರಲಿಂಗಯ್ಯ ಅಷ್ಟು ದೂರ ನಡೆದು ಹೋಗಿ ಚೆಲುವನನ್ನು ಬಿಡಿಸಿಕೊಂಡು, ಅಲ್ಲಿಂದ ಇವರ ಹಳ್ಳಿಗೆ ನಡೆದು ಬರುವಾಗ ಸಂಜೆಯಾಗಿತ್ತು. ಬಂದವನು ಮನುಷ್ಯರ ಕಡೆ ಮುಖವೆತ್ತಲಿಲ್ಲ. ಚೆಲುವನ ಹಣೆಗೆ ಕೈಯಿಟ್ಟು, “ತಪ್ಪಾಯ್ತು ಕಣಪ್ಪ. ನಿನ್ನ ಮನೆ ತಪ್ಪಿಸ್ಬುಟ್ಟೆ” ಎಂದ. ಕಣ್ಣು ಮಂಜಾದರೂ ಕಿವಿ ಚುರುಕಾಗಿದ್ದ ತಾತ ಅದನ್ನು ಕೇಳಿಸಿಕೊಂಡ. ಎತ್ತಿಗೆ ತಪ್ಪೊಪ್ಪಿಕೊಳ್ಳುವವನಿಗೆ ಧೈರ್ಯವಾಗಿ ಹೆಣ್ಣು ಕೊಡಬಹುದು ಎಂದು ಅವನ ಲೆಕ್ಕ. ಊಟಕ್ಕೆ ಕೂರಿಸಿದರು, ಕುಲಗೋತ್ರ ಕೇಳಿದರು. ಮುದ್ದೆ ಬಡಿಸಿದವಳು ಬೋರಮ್ಮ. ಮುಂದಿನ ಯುಗಾದಿ ಕಳೆಯುತ್ತಲೇ ಮದುವೆಯಾಯಿತು.

ಇಲ್ಲಿಗೆ ಕಥೆ ಮುಗಿದು ಸುಖವಾಗಿರಬೇಕಿತ್ತು. ಸುಖವಾಗಿಯೇ ಇದ್ದರು ಅನ್ನಿ. ಮಾರನೇ ವರ್ಷ ಗಾಡಿ ಟೆಂಟು ಎತ್ತಿದ ಮೇಲೆ ಕೂಟಗಲ್ಲಿಗೆ ಬಂದು ಹಿಪ್ಪುನೇರಳೆ ಹಾಕಿದರು, ಹುಳ ಸಾಕಿದರು, ಹಸು ಕಟ್ಟಿದರು, ಮಗಳು ಲತಾಮಣಿಯನ್ನು ಓದಿಸಿ ಮದುವೆ ಮಾಡಿದರು. ‘ಎತ್ತು ತಪ್ಪಿ ಬಂದವಳು’ ಎಂದು ಊರು ಬೋರಮ್ಮನನ್ನು ರೇಗಿಸಿದರೆ ಅವಳೂ ನಗುತ್ತಿದ್ದಳು. ನಗದವನು ಒಬ್ಬನೇ. ಯಾರು ಆ ಮಾತೆತ್ತಿದರೂ ಬೋರಲಿಂಗಯ್ಯ, “ತಪ್ಪು ನಂದೇ. ಗಂಟು ನಂದೇ ಇತ್ತು” ಎಂದು ಗಂಭೀರವಾಗಿ ಹೇಳುತ್ತಿದ್ದ. ಹನ್ನೊಂದು ವರ್ಷ ಸಾವಿರಾರು ಎತ್ತು ಕಟ್ಟಿ ಬಿಚ್ಚಿದ ಕೈ ಅದೊಂದು ಸಂಜೆ ಹೇಗೆ ತಪ್ಪಿತು ಎಂದು ಹೊಲದಲ್ಲಿ ನಿಂತು ಯೋಚಿಸುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಪ್ರತಿ ಶ್ರಾವಣದ ಒಂದು ಶನಿವಾರ ಕೆಂಗಲ್ಲಿಗೆ ಹೋಗಿ, ಆ ಎತ್ತಿನ ಹೆಸರು ಹೇಳಿ ತಪ್ಪು ಕಾಣಿಕೆ ಎಂದು ತೆಂಗಿನಕಾಯಿ ಒಡೆಸುತ್ತಿದ್ದ. ಪಕ್ಕದಲ್ಲೇ ಬೋರಮ್ಮ ಕೈಮುಗಿದು ನಿಂತಿರುತ್ತಿದ್ದಳು, ತೀರಿಸದ ಹರಕೆಯನ್ನು ಒಳಗೇ ಇಟ್ಟುಕೊಂಡು.

ಯಾಕೆ ಹೇಳಲಿಲ್ಲ ಎಂದರೆ, ಹೊಸದರಲ್ಲಿ ಹೆದರಿಕೆ. ಎಂಥ ಗಂಡುಬೀರಿಯನ್ನು ತಂದುಕೊಂಡೆವು ಎಂದು ಅತ್ತೆ ಮನೆಯವರು ಬಾಯಿ ಬಡಿದುಕೊಂಡಾರು ಎಂದು. ಆಮೇಲೆ ಮಗು ಎತ್ತಿಕೊಂಡು ಪುರುಸೊತ್ತಿಲ್ಲ. ಆಮೇಲೆ, ಪ್ರತಿ ಸಲ ಒಂದು ಕಾಯಿ ಒಡೆದಾಗಲೂ ಹೇಳುವುದು ಇನ್ನಷ್ಟು ಕಷ್ಟವಾಗುತ್ತ ಹೋಯಿತು. ಐದನೇ ಕಾಯಿಗೆ ಹೇಳದವಳು ಇಪ್ಪತ್ತನೆಯದಕ್ಕೆ ಯಾವ ಬಾಯಲ್ಲಿ ಹೇಳುವುದು? ಒಂದು ಎಚ್ಚರ ಮಾತ್ರ ಅವಳು ಬಿಡಲಿಲ್ಲ. ಹಸು ಕಟ್ಟುವಾಗಾಗಲಿ, ಸೊಪ್ಪಿನ ಹೊರೆ ಬಿಗಿಯುವಾಗಾಗಲಿ, ಗಂಡನ ಎದುರು ಆ ಗಂಟನ್ನು ನಲವತ್ತನಾಲ್ಕು ವರ್ಷ ಒಂದು ದಿನವೂ ಹಾಕಲಿಲ್ಲ. ಬೇಕೆಂದೇ ಸೊಟ್ಟಗೆ ಹಾಕುತ್ತಿದ್ದಳು. ನಿನಗೊಂದು ಗಂಟು ನೆಟ್ಟಗೆ ಬರಲ್ಲ ಎಂದು ಅವನು ಬಿಚ್ಚಿ ಕಟ್ಟುತ್ತಿದ್ದ.

ಹಿತ್ತಲಿನಲ್ಲಿ ಧನುಶ್ರೀ ಮೂಗು ಸೇದಿದಳು. ಬೋರಮ್ಮ ಸೊಪ್ಪಿನ ಮಂಕರಿ ಕೆಳಗಿಟ್ಟಳು. ಹೇಳಿದರೆ ಈ ಮನುಷ್ಯ ಹೇಗೆ ತೆಗೆದುಕೊಳ್ಳುತ್ತಾನೋ ಗೊತ್ತಿಲ್ಲ. ನಲವತ್ತನಾಲ್ಕು ವರ್ಷ ತನ್ನದಲ್ಲದ ತಪ್ಪು ಹೊರಿಸಿದವಳ ಜೊತೆ ಒಂದು ಮಾತೂ ಆಡದೆ ಎದ್ದು ಹೋದರೂ ಹೋದಾನು. ಹೇಳದಿದ್ದರೆ, ಅವನ ಜೀವನದಲ್ಲಿ ಅವನಿಗೆ ಹೆಮ್ಮೆಯದು ಅಂತ ಇದ್ದ ಒಂದೇ ಒಂದನ್ನು ಅವನ ಕೈಯಿಂದಲೇ ಸುಡಿಸಿದಂತೆ. ಬೋರಮ್ಮ ಹಳೇ ಸೀರೆಯ ಅಂಚನ್ನು ಒಂದು ಗೇಣು ಹರಿದುಕೊಂಡು ಜಗಲಿಗೆ ಹೋದಳು.

ಬೋರಲಿಂಗಯ್ಯ ಬೀದಿ ನೋಡುತ್ತಿದ್ದ. ಅವಳು ಅವನ ಕಣ್ಣೆದುರಿನ ಜಗಲಿ ಕಂಬಕ್ಕೆ ಆ ತುಂಡನ್ನು ಸುತ್ತಿದಳು, ಒಂದು ಸುತ್ತು ಒಳಗಿಂದ ತಂದಳು, ಮಡಿಕೆ ತೂರಿಸಿದಳು, ಬಿಗಿದಳು.

ಅವನು ಅದನ್ನು ನೋಡಿದ. ಎದ್ದು ಬಂದು ತುದಿ ಹಿಡಿದು ಎಳೆದ. ಒಂದೆಳೆತಕ್ಕೆ ಬಿಚ್ಚಿಕೊಂಡಿತು. ಮತ್ತೆ ಕಟ್ಟು ಎಂದು ಬಟ್ಟೆ ಅವಳ ಕೈಗಿಟ್ಟ. ಕಟ್ಟಿದಳು. ಅವನು ಕಂಬಕ್ಕೆ ಮುಖ ಹತ್ತಿಸಿ ಗಂಟನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ ಮತ್ತೆ ಎಳೆದ.

“ಯಾವತ್ತು ಕಲ್ತೆ?”

“ಮದುವೆಗೆ ಮುಂಚೆ. ಗಾಡೀಲಿ ಕೂತ್ಕಂಡು. ನೀನು ಎತ್ತು ನೋಡ್ತಿದ್ದೆ, ನಾನು ನಿನ್ನ ಕೈ ನೋಡ್ತಿದ್ದೆ” ಎಂದಳು ಬೋರಮ್ಮ. ಆಮೇಲೆ ನಿಲ್ಲಿಸಲಾಗದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇಂಟರ್ವಲ್ಲು, ಕೆಂಪು ಹೂವು, ನೀಲಿ ಗೆರೆ, ತಾತನ ಕಣ್ಣು, ಎಲ್ಲಾ. ಹರಕೆಯ ವಿಷಯವೊಂದನ್ನು ಬಿಟ್ಟಳು.

ಬೋರಲಿಂಗಯ್ಯ ಕಂಬ ಹಿಡಿದು ನಿಂತೇ ಇದ್ದ. ಬೀದಿಯಲ್ಲಿ ಹಾಲಿನ ಕ್ಯಾನು ಹೊತ್ತ ಮೋಟಾರ್ ಸೈಕಲ್ಲು ಹಾದುಹೋಯಿತು, ಅವನು ತಿರುಗಿ ನೋಡಲಿಲ್ಲ. ಅವನ ಹೆಗಲು ಅಲುಗಾಡತೊಡಗಿತು. ಬೋರಮ್ಮ ಈ ವಯಸ್ಸಿನಲ್ಲಿ ಗಂಡನನ್ನು ಅಳಿಸಿಬಿಟ್ಟೆನಲ್ಲ ಎಂದು ಹತ್ತಿರ ಹೋಗಿ ಮುಖ ನೋಡಿದಳು. ಅವನು ನಗುತ್ತಿದ್ದ. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಂತೆ, ಹಲ್ಲಿಲ್ಲದ ಕಡೆಯೆಲ್ಲ ಕಾಣುವಂತೆ ನಗುತ್ತಿದ್ದ.

“ಹಂಗಾರೆ ನನ್ನ ಕೈ ತಪ್ಪಿರ್ಲಿಲ್ಲ ಕಣಮ್ಮಿ” ಎಂದ.

ಕಟ್ಟಿಕೊಂಡ ಹೆಂಡತಿ ತನಗಾಗಿ ಇಷ್ಟು ದೊಡ್ಡ ಕಿತಾಪತಿ ಮಾಡಿದ್ದಳು ಎಂಬ ಸಂತೋಷ ಮೊದಲೋ, ಕೈ ತಪ್ಪಿರಲಿಲ್ಲ ಎಂಬುದು ಮೊದಲೋ ಎಂದು ಕೇಳಿದರೆ, ಅವನಿಗೆ ಕೈಯೇ ಮೊದಲು. ಬೋರಮ್ಮನಿಗೆ ಇದರಿಂದ ಬೇಜಾರೇನೂ ಆಗಲಿಲ್ಲ. ಇಂಥ ಮನುಷ್ಯನೆಂದೇ ಅಲ್ಲವೇ ಆಸೆಪಟ್ಟಿದ್ದು. ಅವನು ಹಿತ್ತಲಿನ ಕಡೆ ತಿರುಗಿ ಮೊಮ್ಮಗಳನ್ನು ಕೂಗಿದ. ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಧನುಶ್ರೀಗೆ ಏನೂ ವಿವರಿಸದೆ, “ಆ ಕೆಳಗಿನ ಸಾಲು ಒಸಿ ಇನ್ನೊಂದು ಸಲ ಓದವ್ವ” ಎಂದ. ಅವಳು ಅನುಮಾನದಿಂದಲೇ ಓದಿದಳು. ಇನ್ನೊಂದು ಸಲ ಓದಿಸಿದ. ಮೂರನೇ ಸಲ ಓದುವಷ್ಟರಲ್ಲಿ ಅಂಗಿ ಅವನ ತಲೆಯಿಂದ ಇಳಿದು ಹೊಟ್ಟೆಯ ಮೇಲೆ ಕೂತಿತ್ತು, ಕೆಳಗೆ ಪಂಚೆ, ಮೇಲೆ ನಂದಿ ಟೂರಿಂಗ್ ಟಾಕೀಸು. ಆಮೇಲೆ ಅಜ್ಜಿಯಿಂದ ಕಥೆ ಕೇಳಿದ ಧನುಶ್ರೀ ಹತ್ತು ನಿಮಿಷ ನೆಲಕ್ಕೆ ಕೂತು ನಕ್ಕಳು, ಮತ್ತೆ ನೂರೀನಳಿಗೆ ಫೋನು ಹಚ್ಚಿ ಇಪ್ಪತ್ತು ನಿಮಿಷ ನಕ್ಕಳು.

ಶುಕ್ರವಾರವೆಲ್ಲ ಬೋರಲಿಂಗಯ್ಯ ಅಂಗಿ ಬಿಚ್ಚಲಿಲ್ಲ. ಡೈರಿಗೆ ಹಾಲು ಹಾಕಲು ಅದರಲ್ಲೇ ಹೋದ. ಯಾವತ್ತೂ ಐದು ನಿಮಿಷದಲ್ಲಿ ಬರುವವನು ಒಂದು ಗಂಟೆ ಬರಲಿಲ್ಲ. ಎದೆಯ ಮೇಲಿನ ಗಾಡಿಗಳನ್ನು ತೋರಿಸಿ ತೋರಿಸಿ ಗಾಡಿ ಟೆಂಟು ಎಲ್ಲಿತ್ತು, ಎತ್ತು ಎಲ್ಲಿ ಕಟ್ಟುತ್ತಿದ್ದೆ ಎಂದು ಸಾಲಲ್ಲಿ ನಿಂತವರಿಗೆಲ್ಲ ಹೇಳಿದನಂತೆ. ಹೆಂಡತಿ ಎತ್ತು ಬದಲಾಯಿಸಿದ್ದನ್ನೂ ಹೇಳಿದನಂತೆ. ಸಂಜೆಯೊಳಗೆ ಊರಿನ ಹೆಂಗಸರು ಸೊಪ್ಪಿನ ನೆಪ, ಬೆಂಕಿಪೊಟ್ಟಣದ ನೆಪ ಮಾಡಿಕೊಂಡು ಬಂದು ಬೋರಮ್ಮನ ಮುಖ ನೋಡಿ ಹೋದರು. ಅತ್ತೆ ಮನೆಯವರ ಬಾಯಿಗೆ ಹೆದರಿ ಒಂದು ಕಾಲಕ್ಕೆ ಮುಚ್ಚಿಟ್ಟ ವಿಷಯಕ್ಕೆ ಇಷ್ಟು ಮರ್ಯಾದೆ ಬರುತ್ತದೆಂದು ಅವಳಿಗೆ ಗೊತ್ತಿದ್ದಿದ್ದರೆ ಎಂದೋ ಹೇಳಿಬಿಡುತ್ತಿದ್ದಳು.

ಮಾರನೇ ದಿನ ಶ್ರಾವಣ ಶನಿವಾರ. ಭಾನುವಾರದ ಅಂಗಡಿ ಪೂಜೆಗೆ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲೇ ಕೆಂಗಲ್ ಸಿಗುವುದರಿಂದ ಮೂವರೂ ಬಸ್ಸಿಳಿದರು. ಬೋರಲಿಂಗಯ್ಯ ಎಂದಿನಂತೆ ಒಂದು ಕಾಯಿ ಕೊಂಡ. ಸಾಲು ಮುಂದೆ ಸರಿದು ಅವರ ಸರದಿ ಬಂದಾಗ, ವರ್ಷ ವರ್ಷ ಅವನ ಮುಖ ನೋಡಿ ಬಲ್ಲ ಪೂಜಾರಿ ಮೊದಲು ಅಂಗಿ ನೋಡಿ ನಕ್ಕರು, ಆಮೇಲೆ ತಪ್ಪು ಕಾಣಿಕೆ ತಾನೆ ಎಂದು ಕೈ ಚಾಚಿದರು. ಬೋರಲಿಂಗಯ್ಯ ಕಾಯಿಯನ್ನು ಅವರಿಗೆ ಕೊಡದೆ ಬೋರಮ್ಮನ ಕೈಗಿಟ್ಟ. ನಲವತ್ತನಾಲ್ಕು ವರ್ಷದಿಂದ ತಪ್ಪು ಮಾಡಿದವರು ಯಾರೋ, ಕಾಯಿ ತಂದವರು ಯಾರೋ ಆಗಿಹೋಗಿದೆ, ಈ ಸಲ ಇವಳದು ಎಂದು ಒಂದು ಹೆಜ್ಜೆ ಪಕ್ಕಕ್ಕೆ ನಿಂತ.

ಪೂಜಾರಿ ಅವಳ ಕಡೆ ತಿರುಗಿ ಏನಮ್ಮಾ ತಪ್ಪು ಎಂದು ಕೇಳಿದರು.

ಬೋರಮ್ಮ ಮಡಿಲಿನಿಂದ ಇನ್ನೊಂದು ಕಾಯಿ ತೆಗೆದಳು, ಬಾಳೆಹಣ್ಣು ತೆಗೆದಳು, ಊದುಬತ್ತಿ, ಹೂವು ತೆಗೆದಳು. ಬೆಳಿಗ್ಗೆಯೇ ಯಾರಿಗೂ ಹೇಳದೆ ಕಟ್ಟಿಕೊಂಡು ಬಂದಿದ್ದಳು. ಎಲ್ಲವನ್ನೂ ತಟ್ಟೆಯಲ್ಲಿಟ್ಟು, ಗಂಡ ಕೊಟ್ಟ ಕಾಯಿಯನ್ನೂ ಅದರ ಪಕ್ಕಕ್ಕಿಟ್ಟಳು.

“ತಪ್ಪೇನೂ ಮಾಡಿಲ್ಲ ಸ್ವಾಮಿ. ಇದು ಹರಕೆ. ಇವರು ನಮ್ಮನೆ ಬಾಗಿಲಿಗೆ ಬರ್ಲಿ ಅಂತ ಹುಡುಗಿಯಾಗಿದ್ದಾಗ ಕಟ್ಕಂಡಿದ್ದೆ. ಕೇಳಿದ್ದು ಮಾರನೇ ದಿನಾನೇ ಸಿಕ್ತು. ತೀರ್ಸೋದು ಒಸಿ ತಡ ಆಯ್ತು” ಎಂದಳು.

ಪೂಜಾರಿ ಎರಡು ಕಾಯಿಯನ್ನೂ ಒಡೆದರು. ಗಂಟೆ ಬಾರಿಸಿದರು, ಮಂಗಳಾರತಿ ಎತ್ತಿದರು. ಹಿಂದೆ ನಿಂತವರೆಲ್ಲ ಕೈಮುಗಿದು ಹನುಮಂತರಾಯನ ಕಡೆ ಕತ್ತು ಚಾಚಿದರು. ಆರು ಸಿನಿಮಾದ ಉದ್ದಕ್ಕೂ ಎತ್ತುಗಳಿಂದ ಒಂದು ಸಲವೂ ತಲೆಯೆತ್ತಿ ಗಾಡಿಯ ಕಡೆ ನೋಡದಿದ್ದ ಬೋರಲಿಂಗಯ್ಯ ಮಾತ್ರ ದೇವರಿಗೆ ಪಕ್ಕ ಕೊಟ್ಟು, ಹೆಂಡತಿಯ ಮುಖವನ್ನೇ ನೋಡುತ್ತ ನಿಂತಿದ್ದ. ಆರತಿ ತಟ್ಟೆ ಅವನ ಮುಂದೆ ಬಂದು ನಿಂತಾಗ ಪೂಜಾರಿಯೇ ಎರಡು ಸಲ ಅವನ ಹೆಸರು ಕೂಗಬೇಕಾಯಿತು.